ಹೆಪ್ಪುಮಣ್ಣು

ಸಿರುಗುಪ್ಪ
೬-೮-೧೯೫೦

ಅಪ್ಪನಿಗೆ ಹುಲುಗಪ್ಪ ಮಾಡುವ ನಮಸ್ಕಾರ.

ಬಂದು ಮುಟ್ಟಿದ್ದೇನೆಂದು ಕಾರ್ಡು ಹಾಕಿದ ಮೇಲೆ ಮೂರು ವಾರ ಏನೂ ಬರೆಯಲಿಲ್ಲ. ಕೈಗೆ ಬಿಡುವೇ ಇರಲಿಲ್ಲ. ಇಲ್ಲಿಯ ಜನ ನಮ್ಮ ತರಬೇತಿಗೆ ‘ಮಣ್ಣಸಾಲಿ’ ಎಂದು ಹೆಸರಿಟ್ಟಿದ್ದಾರೆ. ಊರ ಹೊರಗೆ ಎರಡು ತಗಡಿನ ಶೆಡ್ಡು, ಒಂದು ಬಾವಿ, ನಾಲ್ಕು ಎಕರೆ ಎರೆಭೂಮಿ, ಇಷ್ಟೇ ಶಾಲೆ. ತುಂಗಭದ್ರೆಯ ಅಣೆಕಟ್ಟು ಮುಗಿದು ಕಾಲುವೆ ನೀರು ಬಂದರೆ ಈ ಮಣ್ಣು ಏನಾದೀತು ಎಂದು ನೋಡಲು ಸರ್ಕಾರಕ್ಕೆ ಕೈ ಪಳಗಿದ ಹುಡುಗರು ಬೇಕಂತೆ. ನಾವು ಆರು ಜನ ಇದ್ದೇವೆ. ಮಾರ್ಚಿ ತಿಂಗಳಲ್ಲಿ ಕೊಯಮತ್ತೂರಿನಿಂದ ಅಧಿಕಾರಿಗಳು ಬಂದು ಪರೀಕ್ಷೆ ಮಾಡುತ್ತಾರೆ. ಪಾಸಾದವರಿಗೆ ಫೀಲ್ಡ್ ಅಸಿಸ್ಟೆಂಟ್ ನೌಕರಿ. ನಮ್ಮ ಕೇರಿಯಿಂದ ಇಂಥ ನೌಕರಿಗೆ ಹೋದವರು ಇದುವರೆಗೆ ಒಬ್ಬರೂ ಇಲ್ಲ, ಅದು ನಿನಗೆ ಗೊತ್ತು.

ಕಲಿಸುವವರು ಕೊಟ್ರಬಸಪ್ಪ ಸಾಹೇಬರು. ಸಮುದ್ರ ದಾಟಿ ಹೋಗಿ ಬೇರುಗಳನ್ನೇ ಓದಿ ಬಂದವರು. ಪುಸ್ತಕ ತೆಗೆಸಿ ಪಾಠ ಹೇಳುವುದಿಲ್ಲ, ಎಲ್ಲ ಕೈಯಲ್ಲೇ ಮಾಡಿಸುತ್ತಾರೆ. ಜೋಳದ್ದೋ ಹತ್ತಿಯದ್ದೋ ಬೇರನ್ನು ಎಳೆ ಹರಿಯದ ಹಾಗೆ ಅಗೆದು ತೆಗೆಯಬೇಕು. ತೊಳೆದು ಕಾಸ್ಟಿಕ್ ನೀರಿನಲ್ಲಿ ಕುದಿಸಿದರೆ ಬೇರು ಗಾಜಿನ ಹಾಗೆ ತಿಳಿಯಾಗುತ್ತದೆ. ಆಮೇಲೆ ನೀಲಿ ಬಣ್ಣದಲ್ಲಿ ಅದ್ದಿ, ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮೊನ್ನೆ ಸಾಹೇಬರು ನನ್ನನ್ನು ಅದರ ಮುಂದೆ ಕೂರಿಸಿದರು. ಮೊದಲು ನನ್ನ ರೆಪ್ಪೆಯೇ ಕಂಡಿತು. ಸಾಹೇಬರು ಹಿಂದಿನಿಂದ ತಿರುಪು ತಿರುಗಿಸಿದರು. ಅಪ್ಪ, ಬೇರಿನೊಳಗೆ ನೀಲಿ ನೂಲು! ಬೂಷ್ಟಿನ ನೂಲು. ರೋಗದ ಬೂಷ್ಟಲ್ಲ, ಬಾಳುವೆ ಮಾಡುವ ಬೂಷ್ಟು. ಬೇರು ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಬೇರಿಗೆ ಎಟುಕದ ದೂರದಿಂದ ಮಣ್ಣಿನ ಸತ್ವ ಎಳೆದು ತಂದು ಕೊಡುತ್ತದೆ ಎಂದು ಸಾಹೇಬರು ಹೇಳಿದರು. ನಾವು ಇಷ್ಟು ವರ್ಷ ಕಿತ್ತ ಗಿಡಗಳಲ್ಲೆಲ್ಲ ಇದು ಇತ್ತು, ನಮಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ. ಮೊದಲನೆಯ ದಿನ ಸಾಹೇಬರು ನನ್ನನ್ನು ಮುಂದಿನ ಬೆಂಚಿಗೆ ಕರೆದರು. ಪಕ್ಕದಲ್ಲಿದ್ದ ಚಂದ್ರಣ್ಣ ಎಂಬುವನು ಎದ್ದು ಹಿಂದಕ್ಕೆ ಹೋದ. ಸಾಹೇಬರು ಅವನಿಗೆ, “ಬೇರು ನೋಡಾಕ ಬಂದೀಯೋ, ಬೆಂಚು ನೋಡಾಕ ಬಂದೀಯೋ?” ಅಂದರು. ಅವನು ಬಂದು ಕೂತ. ನೀರಿನ ಗಡಿಗೆಯೂ ಎಲ್ಲರಿಗೂ ಒಂದೇ. ನಾನು ಕುಡಿದ ಲೋಟದಲ್ಲೇ ಸಾಹೇಬರು ಕುಡಿದರು. ಸಾಹೇಬರಂಥ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ.

ಅವ್ವನಿಗೂ ಓದಿ ಹೇಳು, ಅಪ್ಪ.

ನಿನ್ನ ಮಗ
ಹುಲುಗಪ್ಪ


ಬಳ್ಳಾರಿ, ಕೌಲ್ ಬಜಾರ್
೧೬-೮-೧೯೫೦

ಚಿರಂಜೀವಿ ಹುಲುಗಪ್ಪನಿಗೆ ಓಬಣ್ಣನ ಆಶೀರ್ವಾದ.

ಕ್ಷೇಮ ಸಮಾಚಾರ ಮೊದಲು ಬರೆಯಬೇಕೆಂದು ಮಿಷನ್ ಶಾಲೆಯಲ್ಲಿ ಕಲಿಸಿದ್ದರು, ಅದಕ್ಕೆ ಬರೆಯುತ್ತೇನೆ. ನಾವು ಕ್ಷೇಮ. ನಿನ್ನ ಅವ್ವ ಉಚ್ಚೆಂಗೆಮ್ಮನಿಗೆ ಮೊಣಕಾಲು ನೋವು, ಬಾಯಿಗೆ ಏನೂ ಆಗಿಲ್ಲ. ದಂಡಿನ ಬಂಗಲೆಯ ತೋಟದಲ್ಲಿ ನಿನ್ನೆ ಬಾವುಟದ ಹಬ್ಬವಾಯಿತು. ನಾನು ಬೆಳೆಸಿದ ಚೆಂಡುಹೂವನ್ನೆಲ್ಲ ಕಿತ್ತು ಯಾರಯಾರದೋ ಕೊರಳಿಗೆ ಹಾಕಿದರು. ತೋಟಗಾರನ ಕೊರಳು ಹಾಗೇ ಉಳಿಯಿತು.

ನಿನ್ನ ಪತ್ರ ಎರಡು ಸಲ ಓದಿದೆ. ಎರಡನೆಯ ಸಲ ಲೆಕ್ಕ ಹಾಕುತ್ತ ಓದಿದೆ. ‘ಸಾಹೇಬರು’ ಎಂಟು ಸಲ ಇದ್ದಾರೆ. ಅಪ್ಪ ಮೂರು ಸಲ ಇದ್ದಾನೆ, ಅದರಲ್ಲಿ ಒಂದು ಮೇಲೆ, ಒಂದು ಕೆಳಗೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ನನಗೆ ಯಾಕೆ ಹೊಟ್ಟೆಕಿಚ್ಚು? ಓದಿದವರು, ಸಮುದ್ರ ದಾಟಿದವರು, ಒಂದೇ ಲೋಟದಲ್ಲಿ ಕುಡಿಯುವವರು. ದೊಡ್ಡವರು.

ಆದರೆ ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಬರೆದಿದ್ದೀಯಲ್ಲ, ಅದೊಂದು ಮಾತನ್ನು ನಾನು ಒಪ್ಪುವುದಿಲ್ಲ. ಕುರುಗೋಡಿನಲ್ಲಿ ನಿನ್ನ ಸೋದರಮಾವ ಮಾರೆಣ್ಣನ ಬಾವಿಯ ಹೊಲದಲ್ಲಿ ಉಳ್ಳಾಗಡ್ಡಿ ಸಸಿಗೆ ಹೊಸ ಮಡಿ ಮಾಡುವಾಗ ನಾವು ಏನು ಮಾಡುತ್ತಿದ್ದೆವು? ಹಳೆಯ ಮಡಿಯ ಮಣ್ಣು ಒಂದು ಬುಟ್ಟಿ ತಂದು, ಬಿಸಿಲಿಗೆ ಸಾಯಬಾರದೆಂದು ಒದ್ದೆ ಗೋಣಿ ಮುಚ್ಚಿ, ಹೊಸ ಮಡಿಯ ಮೇಲೆ ಉದುರಿಸುತ್ತಿರಲಿಲ್ಲವೇ? ಹಾಲಿಗೆ ಹೆಪ್ಪು ಹಾಕುವ ಹಾಗೆ ಮಣ್ಣಿಗೂ ಹೆಪ್ಪು ಹಾಕಬೇಕೆಂದು ನನ್ನ ಅಪ್ಪ ನನಗೆ ಹೇಳಿದ, ನಾನು ನಿನಗೆ ಹೇಳಿದೆ. ನೀನು ಏಳು ವರ್ಷದವನಿದ್ದಾಗ ಅರ್ಧ ಬುಟ್ಟಿ ಹೆಪ್ಪುಮಣ್ಣು ದಾರಿಯಲ್ಲಿ ಚೆಲ್ಲಿದ್ದಕ್ಕೆ ನನ್ನಿಂದ ಏಟು ತಿಂದಿದ್ದೀಯ. ಬೇರಿನೊಳಗೆ ನೂಲಿದೆಯೋ ಹಗ್ಗವಿದೆಯೋ ನಾವು ನೋಡಲಿಲ್ಲ, ಖರೆ. ಗಿಡ ಎದ್ದದ್ದನ್ನು ನೋಡಿದ್ದೇವೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇರಲಿ. ನಿನ್ನ ಸಾಹೇಬರಿಗೆ ಇದನ್ನು ಹೇಳಿ ನೋಡು. ಏನಂದರು ಎಂದು ಬರೆ. ಉಳಿದದ್ದು ಬರೆಯದಿದ್ದರೂ ನಡೆಯುತ್ತದೆ.

ಇಂತಿ
ಓಬಣ್ಣ, ನಿನ್ನ ಅಪ್ಪ


ಸಿರುಗುಪ್ಪ
೨೨-೧೦-೧೯೫೦

ಅಪ್ಪನಿಗೆ ನಮಸ್ಕಾರ.

ನೀನು ಹೇಳಿದಂತೆ ಹೆಪ್ಪುಮಣ್ಣಿನ ವಿಷಯ ಸಾಹೇಬರಿಗೆ ಹೇಳಿದೆ. ಕನ್ನಡಕ ಒರೆಸುತ್ತಿದ್ದವರು ಒರೆಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಆಮೇಲೆ ಅಂದದ್ದು ಇದು: “ನಿಮ್ಮ ತಂದಿ ಹೇಳೂದು ಖರೆ ಇರಬೌದು. ಆದ್ರ ಖರೆ ಅನ್ನೂದಕ್ಕೂ ಅದನ್ನ ತೋರಸೂದಕ್ಕೂ ನಡುವ ಐದು ತಿಂಗಳ ಕೆಲಸ ಐತಿ. ಆ ಕೆಲಸ ನೀನ ಮಾಡು.”

ಹಾಗಾಗಿ ಆರು ಜನರಲ್ಲಿ ದೊಡ್ಡ ಪ್ರಯೋಗ ನನ್ನ ಪಾಲಿಗೆ ಬಂದಿದೆ. ಇಪ್ಪತ್ನಾಲ್ಕು ಕುಂಡ. ಎಲ್ಲದಕ್ಕೂ ಎರೆಮಣ್ಣನ್ನೇ ತುಂಬಿದ್ದೇನೆ, ಆದರೆ ಪೆಟ್ರೋಲಿನ ಡ್ರಮ್ಮಿನಲ್ಲಿ ಮೂರು ದಿನ ಹಬೆಯಲ್ಲಿ ಬೇಯಿಸಿ. ಅದರಲ್ಲಿ ಈಗ ಯಾವ ಜೀವವೂ ಇಲ್ಲ. ಹನ್ನೆರಡು ಕುಂಡಕ್ಕೆ ಹಚ್ಚೊಳ್ಳಿಯ ಉಳ್ಳಾಗಡ್ಡಿ ಹೊಲದ ಜೀವಮಣ್ಣು ಒಂದೊಂದು ಚಮಚ. ಇನ್ನು ಹನ್ನೆರಡಕ್ಕೆ ಅದೇ ಮಣ್ಣು, ಆದರೆ ಬೇಯಿಸಿದ್ದು; ಇದಕ್ಕೆ ನಾವು ಸತ್ತ ಸಾಲು ಅನ್ನುತ್ತೇವೆ. ಎಲ್ಲಕ್ಕೂ ಉಳ್ಳಾಗಡ್ಡಿ ಬೀಜ. ಎರಡು ಸಾಲಿನ ನಡುವೆ ಬೂಷ್ಟು ಒಂದೇ ವ್ಯತ್ಯಾಸ. ಸತ್ತ ಸಾಲಿಗೆ ಹೊರಗಿನ ಮಣ್ಣು ಉಗುರಿನಷ್ಟು ಬಿದ್ದರೂ ಪ್ರಯೋಗ ಕೆಟ್ಟಿತು. ಅದಕ್ಕೆ ಚಮಚ ಬೆಂಕಿಗೆ ಹಿಡಿದೇ ಮುಟ್ಟುತ್ತೇನೆ, ನೀರು ಕುದಿಸಿ ಆರಿಸಿಯೇ ಹಾಕುತ್ತೇನೆ. ನನ್ನ ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ ಎಂದು ಸಾಹೇಬರ ಅಪ್ಪಣೆ. ಮಾರ್ಚಿಯಲ್ಲಿ ಅಧಿಕಾರಿಗಳು ನೋಡುವುದು ಇದನ್ನೇ.

ಕುರುಗೋಡಿನ ಮಣ್ಣು ಯಾಕಲ್ಲ ಎಂದು ನೀನು ಕೇಳುತ್ತೀ. ಹಚ್ಚೊಳ್ಳಿ ಹತ್ತಿರ, ಅದಕ್ಕೆ.

ಬೇರನ್ನು ತೆಳ್ಳಗೆ ಸೀಳಲು ಸಾಹೇಬರು ತಮ್ಮ ಸ್ವಂತ ಕ್ಷೌರದ ಕತ್ತಿ ನನಗೆ ಕೊಟ್ಟಿದ್ದಾರೆ, ಅವರ ತಂದೆಯದಂತೆ. ದೀಪಾವಳಿಗೆ ಬರುವುದಾಗುವುದಿಲ್ಲ. ಕುಂಡಗಳನ್ನು ಬಿಟ್ಟು ಬರುವ ಹಾಗಿಲ್ಲ. ಸಾಹೇಬರ ಮನೆಯಲ್ಲೇ ಹಬ್ಬದೂಟಕ್ಕೆ ಕರೆದಿದ್ದಾರೆ.

ಹುಲುಗಪ್ಪ


ಬಳ್ಳಾರಿ, ಕೌಲ್ ಬಜಾರ್
೨೮-೧೧-೧೯೫೦

ಚಿ. ಹುಲುಗಪ್ಪನಿಗೆ,

ಭಾನುವಾರ ನಾನು ಸಿರುಗುಪ್ಪಕ್ಕೆ ಬಂದಿದ್ದೆ. ಮುಂಚೆ ತಿಳಿಸಿರಲಿಲ್ಲ, ತಪ್ಪು ನನ್ನದೇ. ಶನಿವಾರ ಕುರುಗೋಡಿಗೆ ಹೋಗಿ ಮಾರೆಣ್ಣನ ಹಳೆಯ ಮಡಿಯಿಂದ ಒಂದು ಗಂಟು ಹೆಪ್ಪುಮಣ್ಣು ಕಟ್ಟಿಕೊಂಡು, ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ದೂರವಾದರೂ ಮಣ್ಣು ಬರುತ್ತದೆ ಎಂದು ನಿನ್ನ ಸಾಹೇಬರಿಗೆ ತೋರಿಸೋಣ ಅಂತ.

ಗೇಟಿನಲ್ಲಿ ಗಾದೆಪ್ಪ ಅಂತ ಕಾವಲಿನವ ಇದ್ದ. ಒಳ್ಳೆಯ ಮನುಷ್ಯ. “ಯಾರು ಬೇಕ್ರಿ?” ಅಂದ. ಹುಲುಗಪ್ಪನನ್ನು ನೋಡಬೇಕು ಅಂದೆ. “ಓ, ನಮ್ಮ ಸಾಹೇಬ್ರ ಹುಡುಗ! ಇಬ್ರೂ ಹಚ್ಚೊಳ್ಳಿಗೆ ಬೇರು ತರಾಕ ಹೋಗ್ಯಾರ. ನೀವು ಯಾರಾಗಬೇಕ್ರಿ ಅವಗ?” ಅಂದ. ಸಾಹೇಬರ ಹುಡುಗ. ನಾನು ಅವನ ಅಪ್ಪ ಎಂದು ಗೇಟಿನವನಿಗೆ ಹೇಳಿಕೊಳ್ಳಬೇಕಾಯಿತು.

ಮೂರು ಗಂಟೆ ಕಾದೆ. ಗಾದೆಪ್ಪ ಚಹಾ ತರಲು ಊರೊಳಗೆ ಹೋದ. ನಾನು ನಿನ್ನ ಕುಂಡಗಳ ಹತ್ತಿರ ಕೂತಿದ್ದೆ. ಒಂದು ಸಾಲು ಗೇಣುದ್ದ ಹಸಿರಾಗಿ ನಿಂತಿದೆ. ಇನ್ನೊಂದು ಸಾಲು ತುದಿ ಹಳದಿಯಾಗಿ, ಬೆರಳುದ್ದವೂ ಇಲ್ಲದೆ ಮುದುಡಿಕೊಂಡಿದೆ. ತೋಟಗಾರನಾದವನು ನೋಡಬಾರದ ನೋಟ. ಕಡೆಯ ಬಸ್ಸು ತಪ್ಪಬಾರದೆಂದು ಎದ್ದು ಬಂದೆ. ಬೇರೆ ಏನೂ ವಿಶೇಷವಿಲ್ಲ.

ಮಣ್ಣಿನ ಗಂಟು ವಾಪಸ್ಸು ತಂದಿದ್ದೇನೆ. ಮನೆಗೆ ಬಂದಾಗ ತೀರಾ ಹಗುರವಾಗಿತ್ತು. ಬಸ್ಸಿನಲ್ಲಿ ಚೆಲ್ಲಿರಬೇಕು.

ಹಬ್ಬದೂಟ ಚೆನ್ನಾಗಿತ್ತೇ ಎಂದು ನಿನ್ನ ಅವ್ವ ಕೇಳುತ್ತಾಳೆ. ನಾನು ಕೇಳುತ್ತಿಲ್ಲ.

ಓಬಣ್ಣ


ಸಿರುಗುಪ್ಪ
೧೪-೧-೧೯೫೧

ಅಪ್ಪ,

ಇಷ್ಟು ದಿನ ಪತ್ರ ಬರೆಯಲಿಲ್ಲ. ನೀನು ಬಂದು ಹೋದೆ ಎಂದು ತಿಳಿದಾಗ ಬಸ್‌ಸ್ಟ್ಯಾಂಡಿನವರೆಗೂ ಓಡಿದ್ದೆ, ಬಸ್ಸು ಹೋಗಿತ್ತು. ಅದನ್ನು ಬರೆಯಬೇಕೆಂದಿದ್ದೆ. ಈಗ ಬೇರೆಯದೇ ಬರೆಯಬೇಕಾಗಿದೆ.

ನನ್ನ ಪ್ರಯೋಗ ಕೆಟ್ಟಿತು. ಡಿಸೆಂಬರ್ ನಡುವಿನಿಂದ ಸತ್ತ ಸಾಲಿನ ಗಿಡಗಳು ಹಸಿರಾಗತೊಡಗಿದವು. ಮೊದಲು ಎರಡು, ಆಮೇಲೆ ಐದು. ಈಗ ಹನ್ನೆರಡರಲ್ಲಿ ಹತ್ತು ಎದ್ದು ನಿಂತಿವೆ. ಸಾಹೇಬರು ಬೇರು ಸೀಳಿ ನೋಡು ಅಂದರು. ನೋಡಿದೆ. ಒಳಗೆ ನೀಲಿ ನೂಲು ತುಂಬಿತ್ತು. ಮೊದಲ ದಿನ ನೋಡಿ ಕುಣಿದಾಡಿದ್ದೆನಲ್ಲ, ಅದೇ ನೂಲು.

ಹೇಗೆ ಬಂತು ಎಂದು ಎಲ್ಲರೂ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಚಂದ್ರಣ್ಣ ಎಲ್ಲರ ಮುಂದೆ, “ಇವ ಮುಟ್ಟಿದ ಮ್ಯಾಲ ಕುಂಡ ಕೆಡದ ಇರತಾವೇನ್ರಲೇ?” ಅಂದ. ಉಳಿದವರು ನಕ್ಕರು. ಸಾಹೇಬರು ನಗಲಿಲ್ಲ, ಅವನನ್ನು ಹೊರಗೆ ಕಳಿಸಿದರು. ಆದರೆ ಆಮೇಲೆ ನನ್ನ ಕೈಯಿಂದ ಚಮಚ ತೆಗೆದುಕೊಂಡು ಇನ್ನೊಬ್ಬನಿಗೆ ಕೊಟ್ಟರು. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ‘ಕೈಕೆಲಸದಲ್ಲಿ ಎಚ್ಚರಿಕೆ ಸಾಲದು’ ಎಂದು ಬರೆದರು. ಬರೆದದ್ದನ್ನು ನನಗೆ ತೋರಿಸಿಯೇ ಬರೆದರು. ಆ ಸಾಲು ಇದ್ದರೆ ಮಾರ್ಚಿಯಲ್ಲಿ ನೌಕರಿಯಿಲ್ಲ.

ಅಪ್ಪ, ನಾನು ಮಣ್ಣು ಮೂರು ದಿನ ಬೇಯಿಸಿದ್ದೇನೆ. ಚಮಚ ಬೆಂಕಿಗೆ ಹಿಡಿದಿದ್ದೇನೆ. ಹಿಡಿದಿದ್ದೇನೆ ಎಂದೇ ಅಂದುಕೊಂಡಿದ್ದೇನೆ. ಈಗ ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತೇನೆ, ಆದರೂ ಏನನ್ನೂ ಮುಟ್ಟಲು ಹೆದರಿಕೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿದೆ.

ಒಂದು ಮಾತು ನೆನಪು ಮಾಡಿಕೊಂಡು ಹೇಳು. ನೀನು ಬಂದ ದಿನ ಕುಂಡಗಳ ಹತ್ತಿರ ಯಾರಾದರೂ ಸುಳಿದರೇ? ಆಡು, ಕೋಳಿ, ಕೂಲಿಯವರು? ಯಾರನ್ನಾದರೂ ನೋಡಿದೆಯಾ?

ಹುಲುಗಪ್ಪ


ಬಳ್ಳಾರಿ, ಕೌಲ್ ಬಜಾರ್
೨೦-೧-೧೯೫೧

ಚಿ. ಹುಲುಗಪ್ಪನಿಗೆ ಆಶೀರ್ವಾದ.

ನಿನ್ನ ಪತ್ರ ಬಂತು. ನಾನು ಯಾರನ್ನೂ ನೋಡಲಿಲ್ಲ. ಆಡೂ ಇಲ್ಲ, ಕೋಳಿಯೂ ಇಲ್ಲ.

ಇಷ್ಟಕ್ಕೆಲ್ಲ ಎದೆ ಒಡೆದುಕೊಳ್ಳಬೇಡ. ಗಿಡ ಎದ್ದಿದ್ದಕ್ಕೆ ಅಳುವ ಶಾಲೆಯನ್ನು ನಾನು ಎಲ್ಲಿಯೂ ಕೇಳಿಲ್ಲ. ಒಂದು ಲೋಟದಲ್ಲಿ ನೀರು ಕುಡಿದವರು ಒಂದು ಚಮಚಕ್ಕೆ ನಿನ್ನನ್ನು ಬಿಟ್ಟರಲ್ಲ, ನೋಡಿದೆಯಾ? ಕೊಟ್ಟ ಕೈಯೇ ಕಿತ್ತುಕೊಳ್ಳುತ್ತದೆ. ನಾನು ಮೊದಲೇ ಹೇಳಬೇಕೆಂದಿದ್ದೆ, ನಿನಗೆ ಬೇಸರವಾದೀತೆಂದು ಸುಮ್ಮನಿದ್ದೆ.

ಇಲ್ಲಿ ಬಂಗಲೆಯ ತೋಟದಲ್ಲಿ ಎರ್ರಿಸ್ವಾಮಿ ಕೆಲಸ ಬಿಟ್ಟಿದ್ದಾನೆ. ನನ್ನ ಕೈಕೆಳಗಿನ ಜಾಗ ಖಾಲಿ ಇದೆ. ನಾನು ಒಂದು ಮಾತು ಹೇಳಿದರೆ ನಿನಗೇ ಸಿಗುತ್ತದೆ. ಯಾರ ರಿಜಿಸ್ಟರೂ ಇಲ್ಲ, ಯಾರ ಅಪ್ಪಣೆಯೂ ಇಲ್ಲ. ಅಪ್ಪ ಮಗ ಒಂದೇ ಬಾವಿಯ ನೀರು ಹಾಯಿಸಿಕೊಂಡು ಇರಬಹುದು. ನಿನ್ನ ಕೈ ನನಗೆ ಸಾಕು.

ನಿನ್ನೆ ರಾತ್ರಿ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆನಂತೆ. ನಿನ್ನ ಅವ್ವ ಹೇಳಿದಳು.

ಓಬಣ್ಣ


ಸಿರುಗುಪ್ಪ
೪-೨-೧೯೫೧

ಅಪ್ಪನಿಗೆ,

ತಿಂಗಳ ಕೊನೆಗೆ ಮನೆಗೆ ಬರುತ್ತೇನೆ. ಹೆಸರು ಹೊಡೆದುಹಾಕಿ ಎಂದು ಸಾಹೇಬರನ್ನು ಕೇಳಿದ್ದೇನೆ. ಸ್ವಲ್ಪ ತಡೆ ಅಂದರು. ತಡೆದು ಏನು ಮಾಡಲಿ? ಕತ್ತಿ ವಾಪಸ್ಸು ಕೊಟ್ಟೆ.

ಎರ್ರಿಸ್ವಾಮಿಯ ಜಾಗಕ್ಕೆ ಹೇಳಿಡು. ನನ್ನ ಕೈ ಅಗೆಯುವುದಕ್ಕಷ್ಟೇ ಆದದ್ದು ಎಂದು ಈಗ ನನಗೂ ತಿಳಿಯಿತು.

ಹುಲುಗಪ್ಪ


ಬಳ್ಳಾರಿ, ಕೌಲ್ ಬಜಾರ್
೮-೨-೧೯೫೧

ಮಹಾರಾಜಶ್ರೀ ಕೊಟ್ರಬಸಪ್ಪ ಸಾಹೇಬರ ಸನ್ನಿಧಿಗೆ, ಹುಲುಗಪ್ಪನ ತಂದೆ ಓಬಣ್ಣ ಬರೆದುಕೊಳ್ಳುವುದು.

ನಿಮಗೆ ನನ್ನ ಪರಿಚಯವಿಲ್ಲ. ನನಗೆ ನಿಮ್ಮದು ಬೇಕಾದ್ದಕ್ಕಿಂತ ಹೆಚ್ಚಿದೆ. ಆರು ತಿಂಗಳಿಂದ ನನ್ನ ಮಗನ ಪತ್ರ ತೆಗೆದರೆ ನೀವೇ ಬಂದು ಕೂರುತ್ತೀರಿ.

ಸತ್ತ ಸಾಲಿನ ಕುಂಡಗಳಿಗೆ ಜೀವಮಣ್ಣು ಹಾಕಿದವನು ನಾನು. ಹುಲುಗಪ್ಪನ ಕೈ ಸ್ವಚ್ಛವಿದೆ. ನವೆಂಬರ್ ಇಪ್ಪತ್ತಾರು, ಭಾನುವಾರ, ನೀವಿಬ್ಬರೂ ಹಚ್ಚೊಳ್ಳಿಗೆ ಹೋಗಿದ್ದಾಗ. ಕಾವಲಿನವನ ತಪ್ಪಿಲ್ಲ, ಅವನು ನನಗಾಗಿ ಚಹಾ ತರಲು ಹೋಗಿದ್ದ. ಗಂಟಿನಲ್ಲಿದ್ದ ಕುರುಗೋಡಿನ ಮಣ್ಣನ್ನು ಒಂದೊಂದು ಚಿಟಿಕೆ ಹಾಕುತ್ತ ಬಂದೆ. ಬಾವಿಯ ಕಡೆಯ ಕೊನೆಯ ಎರಡು ಕುಂಡಕ್ಕೆ ಬರುವಷ್ಟರಲ್ಲಿ ಮಣ್ಣು ತೀರಿತು. ನೋಡಿ, ಏಳದೆ ಉಳಿದ ಎರಡೂ ಅವೇ ಆಗಿರುತ್ತವೆ. ನನ್ನ ಮಾತು ನಂಬದಿದ್ದರೆ ಆ ಎರಡನ್ನು ನಂಬಿ.

ಹಳದಿ ಗಿಡ ನೋಡಿ ಮರುಕವಾಗಿ ಹಾಕಿದೆ ಎಂದು ಎರಡು ತಿಂಗಳು ನನಗೆ ನಾನೇ ಹೇಳಿಕೊಂಡೆ. ತೋಟಗಾರನ ಕೈ ಸುಮ್ಮನಿರುವುದಿಲ್ಲ, ಹಾಗೆ ಹೀಗೆ ಎಂದು. ಅದು ಸುಳ್ಳು. ಮರುಕದಿಂದ ಹಾಕುವವನು ಮೇಲೆ ಉದುರಿಸಿ ಹೋಗುತ್ತಾನೆ. ನಾನು ಕಿರುಬೆರಳಿನಿಂದ ಗಿಡದ ಪಕ್ಕ ತೂತು ಮಾಡಿ, ಮಣ್ಣು ಇಳಿಸಿ, ಮೇಲೆ ಸವರಿ, ಯಾರಿಗೂ ಕಾಣದ ಹಾಗೆ ಮಾಡಿ ಬಂದೆ. ಹುಡುಗ ಬರೆದು ತಿಳಿಸಿದ್ದ, ಉಗುರಿನಷ್ಟು ಮಣ್ಣು ಬಿದ್ದರೂ ಕೆಡುತ್ತದೆ ಎಂದು. ಗೊತ್ತಿದ್ದೇ ಮಾಡಿದೆ. ನಿಮ್ಮ ಓದು ಸಾಯಿಸಿದ ಮಣ್ಣಿನಲ್ಲಿ ನನ್ನ ಮಣ್ಣು ಗಿಡ ಎಬ್ಬಿಸಿದ್ದನ್ನು ನೀವು ನೋಡಬೇಕಿತ್ತು. ನೋಡಿ ಬೆರಗಾಗಬೇಕಿತ್ತು. ಅದಕ್ಕೆ ಬೆಲೆ ತೆರುವವನು ನನ್ನ ಮಗ ಎಂದು ನನಗೆ ಆ ಹೊತ್ತು ಹೊಳೆಯಲಿಲ್ಲ, ಅಥವಾ ಹೊಳೆದರೂ ಕೈ ನಿಲ್ಲಲಿಲ್ಲ.

ಗೇಟಿನಲ್ಲಿ ಅವನನ್ನು ಸಾಹೇಬರ ಹುಡುಗ ಅಂದರು. ಇಪ್ಪತ್ತೆರಡು ವರ್ಷ ನಾನು ಸಾಕಿದ ಹುಡುಗ. ಹೊಟ್ಟೆಯಲ್ಲಿ ಬೆಂಕಿ ಬಿತ್ತು, ಸಾಹೇಬರೇ. ನಿಮ್ಮ ಮೇಲೆ ಹೊಟ್ಟೆಕಿಚ್ಚು ಎಂದಷ್ಟೇ ಇದ್ದರೆ ಹೇಳಿಕೊಳ್ಳಬಹುದಿತ್ತು. ಅವನ ಮೇಲೂ ಇತ್ತು. ನಾನು ಹನ್ನೆರಡು ವರ್ಷದವನಿದ್ದಾಗ ಮಿಷನ್ ಶಾಲೆಯ ಮೇಷ್ಟ್ರು ನನ್ನನ್ನು ಮುಂದೆ ಓದಿಸುತ್ತೇನೆಂದು ಮನೆಗೆ ಬಂದಿದ್ದರು. ನಮ್ಮಪ್ಪ, “ಅಗಿಯಾಕ ಅಕ್ಷರ ಯಾಕ ಬೇಕ್ರಿ?” ಅಂದು ಕಳಿಸಿಬಿಟ್ಟ. ನನಗೆ ಮುಚ್ಚಿದ ಬಾಗಿಲು ಇವನಿಗೆ ತೆರೆದಿತ್ತು. ಸಂತೋಷಪಡಬೇಕಾದವನು ನಾನು. ನಾನು ಕೂತು ಪತ್ರದಲ್ಲಿ ನಿಮ್ಮ ಹೆಸರು ಎಷ್ಟು ಸಲ ಬಂತೆಂದು ಎಣಿಸಿದೆ.

ಯಾರಾದರೂ ಸುಳಿದರೇ ಎಂದು ಅವನು ಕೇಳಿ ಬರೆದ. ಯಾರನ್ನೂ ನೋಡಲಿಲ್ಲ ಎಂದು ಬರೆದೆ. ಮನೆಗೆ ಬಾ, ನನ್ನ ಕೈಕೆಳಗೆ ಜಾಗ ಇದೆ ಎಂದೂ ಬರೆದೆ. ಬರುತ್ತೇನೆ ಎಂಬ ಪತ್ರ ಬರಲಿ ಎಂದು ಕಾದೆ. ಬಂತು. ಹೆಂಡತಿಗೆ ಓದಿ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. “ಮಗ ಬರ್ತಾನಂತ ಕುಣಿಯಾಕತ್ತೀದಿ. ಹೆಂಗ ಬರ್ತಾನಂತ ಬರದಾನ, ಅದನ್ನ ಇನ್ನೊಮ್ಮಿ ಓದು” ಅಂದಳು. ಓದಿದೆ. ‘ನನ್ನ ಕೈ ಅಗೆಯುವುದಕ್ಕಷ್ಟೇ ಆದದ್ದು’ ಎಂದಿತ್ತು. ನಮ್ಮಪ್ಪನ ಮಾತು ನನ್ನ ಮಗನ ಬಾಯಲ್ಲಿ ಬಂದಿತ್ತು, ಬರಿಸಿದವನು ನಾನು. ಅವಳಿಗೆ ಆಗಲೇ ಎಲ್ಲ ಹೇಳಿದೆ. ಅವಳು ಎರಡು ದಿನದಿಂದ ಮಾತಾಡಿಲ್ಲ.

ಅವನ ಕೈಯ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ರಿಜಿಸ್ಟರಿನಲ್ಲಿ ಬರೆದಿದ್ದೀರಲ್ಲ, ಅದಕ್ಕೆ. ಅವನು ಆರು ವರ್ಷದವನಿದ್ದಾಗ ಕುರುಗೋಡಿನ ಮಡಿಯಲ್ಲಿ ಉಳ್ಳಾಗಡ್ಡಿ ಸಸಿ ಕಿತ್ತು ನಾಟಲು ಕೂರಿಸಿದ್ದೆ. ದೊಡ್ಡವರು ಕಿತ್ತ ಸಸಿಗಳಲ್ಲಿ ಅರ್ಧ ಬೇರು ಮಣ್ಣಿನಲ್ಲೇ ಉಳಿಯುತ್ತಿತ್ತು. ಇವನು ಎರಡು ಬೆರಳು ಮಣ್ಣಿನೊಳಗೆ ಇಳಿಸಿ, ಅಲುಗಿಸಿ, ಕೂದಲಿನಂಥ ಬೇರು ಕೂಡ ಹರಿಯದ ಹಾಗೆ ಎತ್ತುತ್ತಿದ್ದ. ಇಡೀ ಮಧ್ಯಾಹ್ನ ಹಾಗೇ ಎತ್ತಿದ. ಮೂವತ್ತು ವರ್ಷ ತೋಟ ಮಾಡಿದ ನನಗೆ ಅಂಥ ಕೈ ಇಲ್ಲ. ಆ ದಿನ ನಾನು ಬೇವಿನ ಮರದ ಕೆಳಗೆ ನಿಂತು ಬಹಳ ಹೊತ್ತು ನೋಡಿದೆ. ನೋಡಿ, “ಲಗೂನ ಮುಗಸಲೇ” ಅಂದೆ. ಅಷ್ಟೇ ಅಂದದ್ದು. ಅವನ ಕೈ ಚೆನ್ನಾಗಿದೆ ಎಂದು ಇವತ್ತಿನವರೆಗೆ ಅವನಿಗೆ ಹೇಳಿಲ್ಲ. ಮೊದಲು ಹೇಳುತ್ತಿರುವುದು ನಿಮಗೆ.

ಆ ಸಾಲನ್ನು ಅಳಿಸಿ. ಅವನಿಗೆ ಚಮಚ ವಾಪಸ್ಸು ಕೊಡಿ. ಈ ಪತ್ರವನ್ನು ಎಲ್ಲರ ಮುಂದೆ ಓದಿ, ಆ ಚಂದ್ರಣ್ಣನ ಮುಂದೆ ಗಟ್ಟಿಯಾಗಿ ಓದಿ. ನನ್ನ ಮಾನ ಹೋದರೆ ಹೋಗಲಿ. ಅವನಿಗೆ ಬೇರೆಯಾಗಿ ಬರೆಯಲು ನನಗೆ ಮುಖವಿಲ್ಲ.

ನಿಮ್ಮ ಮೇಲಿನ ಹೊಟ್ಟೆಕಿಚ್ಚು ಈ ಪತ್ರ ಬರೆದ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಿಲ್ಲ. ಕ್ಷಮಿಸಬೇಕು.

ಇಂತು ನಮ್ರ
ಓಬಣ್ಣ
ತೋಟಗಾರ


ಸಿರುಗುಪ್ಪ
೧೮-೨-೧೯೫೧

ಅಪ್ಪ,

ಸೋಮವಾರ ಬೆಳಿಗ್ಗೆ ಸಾಹೇಬರು ಎಲ್ಲರನ್ನೂ ಶೆಡ್ಡಿಗೆ ಕರೆದು ನಿನ್ನ ಪತ್ರ ಓದಿದರು. ಬಾವಿಯ ಕಡೆಯ ಎರಡು ಕುಂಡ ತರಿಸಿ ಮೇಜಿನ ಮೇಲೆ ಇಟ್ಟುಕೊಂಡು ಓದಿದರು. ಅಧಿಕಾರಿಗಳ ಮುಂದೆ ಹತ್ತನ್ನೂ ಎರಡನ್ನೂ ಇಟ್ಟು, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತಾರಂತೆ. ರಿಜಿಸ್ಟರಿನ ಸಾಲು ಹೊಡೆದುಹಾಕಿ ಪಕ್ಕದಲ್ಲಿ ರುಜು ಮಾಡಿದರು. ಚಂದ್ರಣ್ಣ ಸಂಜೆ ಬಂದು ತಪ್ಪಾಯಿತು ಅಂದ. ಮಾರ್ಚಿಗೆ ಬೇರು ಸೀಳಿ ತೋರಿಸುವವನು ನಾನೇ.

ಇದೆಲ್ಲ ನಿನಗೆ ತಿಳಿಯಬೇಕೆಂದು ಬರೆದೆ. ಕೋಪ ಹೋಗಿದೆ ಎಂದು ತಿಳಿಯಬೇಡ. ಒಂದು ತಿಂಗಳು ನಾನು ಕೈ ತೊಳೆದು ತೊಳೆದು ಬೆರಳ ಸಂದಿ ಬಿರುಕು ಬಿಟ್ಟಿತ್ತು. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆದರೆ ನಿದ್ದೆ ಕೆಡಿಸಿದ್ದು ಅದಲ್ಲ. ಎಲ್ಲರೂ ಹೋದ ಮೇಲೆ ಆ ಪತ್ರ ಒಮ್ಮೆ ಕೊಡಿ ಎಂದು ಕೇಳಿ ಓದಿದೆ. ಮೂರು ಸಲ ಓದಿದೆ. ಉಳ್ಳಾಗಡ್ಡಿ ಸಸಿ ಕಿತ್ತ ಮಧ್ಯಾಹ್ನ ನನಗೂ ನೆನಪಿದೆ. ನೀನು ಮರದ ಕೆಳಗೆ ನಿಂತಿದ್ದೆ. ನನ್ನ ಕೆಲಸ ಸೇರದೆ ಸಿಟ್ಟಿನಿಂದ ನೋಡುತ್ತಿದ್ದೀಯ ಎಂದುಕೊಂಡು ಹೆದರಿ ಹೆದರಿ ಕಿತ್ತಿದ್ದೆ.

ಪತ್ರ ನಾನೇ ಇಟ್ಟುಕೊಳ್ಳಲೇ ಅಂದೆ. ಸಾಹೇಬರು ಕೈ ಚಾಚಿ, “ಇಲ್ಲಪ, ಇದು ನನಗ ಬರದದ್ದು” ಅಂದು ತೆಗೆದುಕೊಂಡು ಮಡಚಿ ಮೇಜಿನ ಡ್ರಾದಲ್ಲಿ ಇಟ್ಟು ಬೀಗ ಹಾಕಿದರು. ಆ ಹೊತ್ತಿಗೆ ಅವರ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ನಿನ್ನದಕ್ಕಿಂತ ಕಡಿಮೆಯದಲ್ಲ. ನನ್ನ ಅಪ್ಪ ನನ್ನ ಬಗ್ಗೆ ಬರೆದ ಪತ್ರ ಬೇರೆಯವರ ಡ್ರಾದಲ್ಲಿ ಇದೆ. ಕುರುಗೋಡಿನ ಮಣ್ಣು ಒಂದು ಚೀಲ ತರಿಸಿಕೊಡು ಎಂದು ಸಾಹೇಬರು ಕೇಳಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ.

ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ, ಸಂಜೆಯ ಬಸ್ಸಿಗೆ ವಾಪಸ್ಸು ಹೋಗುತ್ತೇನೆ. ನೀನು ಬಂಗಲೆಯ ತೋಟಕ್ಕೆ ಹೋಗದೆ ಮನೆಯಲ್ಲಿರು. ಅವರಿಗೆ ಬರೆದದ್ದನ್ನೆಲ್ಲ ನನಗೆ ಎದುರು ಕೂತು ಬಾಯಿಬಿಟ್ಟು ಹೇಳಬೇಕು, ಸಸಿ ಕಿತ್ತದ್ದನ್ನೂ. ಅಲ್ಲಿಯವರೆಗೆ ನಾನು ಊಟಕ್ಕೆ ಕೂರುವುದಿಲ್ಲ ಎಂದು ಅವ್ವನಿಗೆ ಹೇಳು.

ನಿನ್ನ ಹುಡುಗ
ಹುಲುಗಪ್ಪ